ಹಬ್ಬದ ಬೆಳಿಗ್ಗೆ ಹನ್ನೆರಡು ಜನಕ್ಕೆ ತಿಂಡಿ: ತುಮಕೂರಿನ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಯುಗಾದಿಯ ಬೆಳಿಗ್ಗೆ ಆರೂವರೆ ಗಂಟೆ. ಒಂದು ಒಲೆಯ ಮೇಲೆ ಒಬ್ಬಟ್ಟಿನ ಬೇಳೆ ಕುದಿಯುತ್ತಿದೆ, ಇನ್ನೊಂದರ ಮೇಲೆ ಹಾಲು. ಮೈಗೆಲ್ಲ ಎಣ್ಣೆ ಬಳಿದುಕೊಂಡ ಮಕ್ಕಳು ಬಚ್ಚಲಿನ ಸರದಿಗಾಗಿ ಜಗಳವಾಡುತ್ತಿದ್ದಾರೆ. ಮಾವಿನ ಸೊಪ್ಪು ಕಟ್ಟಲು ಯಾರೋ ದಾರ ಹುಡುಕುತ್ತಿದ್ದಾರೆ. ರಾತ್ರಿ ಬೆಂಗಳೂರಿನಿಂದ ಬಂದ ತಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಾನೆ: "ತಿಂಡಿ ಏನು?"

ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬಹಳ ವರ್ಷ ಸರಿಯಾದ ಉತ್ತರವಿರಲಿಲ್ಲ. ಹಬ್ಬದ ಊಟಕ್ಕೆ ವಾರದಿಂದ ಪಟ್ಟಿ ಹಾಕುತ್ತಿದ್ದೆವು, ತಿಂಡಿ ಮಾತ್ರ ಯಾರ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಕೊನೆಗೆ ಯಾರಾದರೊಬ್ಬರು ಎರಡು ಹಿಡಿ ರವೆ ಹುರಿದು ಉಪ್ಪಿಟ್ಟು ಕೆದಕುತ್ತಿದ್ದರು. ಅಷ್ಟರಲ್ಲಿ ಒಬ್ಬಟ್ಟಿನ ಬೇಳೆ ಅತಿಯಾಗಿ ಬೆಂದು ಪಾಯಸವಾಗಿರುತ್ತಿತ್ತು. ನಾಲ್ಕಾರು ಹಬ್ಬ ಹೀಗೆ ಕೆಟ್ಟ ಮೇಲೆ ನನಗೆ ಹೊಳೆದದ್ದು ಇಷ್ಟು: ಹಬ್ಬದ ಬೆಳಿಗ್ಗೆ ಕೊರತೆ ಬೀಳುವುದು ರುಚಿಗೂ ಅಲ್ಲ, ಸಾಮಾನಿಗೂ ಅಲ್ಲ, ಒಲೆಗೆ. ಎರಡು ಒಲೆಯ ಮನೆಯಲ್ಲಿ ಒಂದು ನೈವೇದ್ಯಕ್ಕೆ ಹೋದರೆ ತಿಂಡಿಗೆ ಉಳಿಯುವುದು ಒಂದೇ. ಅದನ್ನೂ ಕಾಫಿಯವರು ಬಂದು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಹಬ್ಬದ ತಿಂಡಿಯನ್ನು ಈಗ ನಾನು ಒಲೆಯ ಲೆಕ್ಕದಲ್ಲಿ ಆರಿಸುತ್ತೇನೆ: ಬೆಳಿಗ್ಗೆ ಎಷ್ಟು ನಿಮಿಷ ಒಲೆ ಬೇಕು, ಹಿಂದಿನ ದಿನ ಎಷ್ಟು ಕೆಲಸ ಮುಗಿಸಿಡಬಹುದು, ಕೊನೆಗೆ ಬಂದವರಿಗೂ ಅದು ತಿನ್ನುವಂತಿರುತ್ತದೆಯೇ. ಈ ಮೂರೂ ಪ್ರಶ್ನೆಗಳಿಗೆ ಒಪ್ಪುವ ತಿಂಡಿ ನಮ್ಮ ಊರ ಬಾಗಿಲಲ್ಲೇ ಇತ್ತು.

ಪೂಜೆಗೆ ಮೊದಲೋ, ಪೂಜೆಯ ನಂತರವೋ

ಪಾತ್ರೆಗೆ ಕೈಹಾಕುವ ಮೊದಲು ಇದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿಕೊಳ್ಳಿ. ಹಬ್ಬದ ಬೆಳಗಿನ ಅರ್ಧ ಮುನಿಸು ಇಲ್ಲಿಂದಲೇ ಹುಟ್ಟುತ್ತದೆ. ಕೆಲವು ಮನೆಗಳಲ್ಲಿ ನೈವೇದ್ಯವಾಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಕೆಲವು ಮನೆಗಳಲ್ಲಿ ಪೂಜೆಗೆ ಕೂರುವ ದಂಪತಿ ಮಾತ್ರ ಉಪವಾಸವಿರುತ್ತಾರೆ, ಮಿಕ್ಕವರು ತಿನ್ನಬಹುದು. ಇನ್ನು ಕೆಲವರಲ್ಲಿ ಅನ್ನ ಮುಸುರೆ, ಅದು ಆಗದು. ಅವಲಕ್ಕಿ, ರವೆ, ಹಣ್ಣು, ಹಾಲು ಫಲಾಹಾರ, ಅದು ಆಗುತ್ತದೆ. ಇಡ್ಲಿ ಯಾವ ಕಡೆಗೆ ಸೇರುತ್ತದೆ ಎಂಬ ಬಗ್ಗೆ ನಮ್ಮ ಇಬ್ಬರು ಸೋದರತ್ತೆಯರಲ್ಲಿ ಇಂದಿಗೂ ಒಮ್ಮತವಿಲ್ಲ. ಶನಿವಾರದ ಒಪ್ಪೊತ್ತಿನ ರಾತ್ರಿ ಇಡ್ಲಿ ತಿನ್ನಬಹುದಾದರೆ ಗೌರಿ ಹಬ್ಬದ ಬೆಳಿಗ್ಗೆ ಏಕೆ ಬೇಡ ಎಂಬುದು ಒಬ್ಬರ ವಾದ. ನಾನು ಆ ವಾದಕ್ಕೆ ಇಳಿಯುವುದಿಲ್ಲ, ಇಬ್ಬರಿಗೂ ಆಗುವಂತೆ ಅವಲಕ್ಕಿಯನ್ನೂ ಸ್ವಲ್ಪ ಮಾಡಿಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಬಿಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನೋ ತೆಗೆದುಕೊಳ್ಳುವ ಹಿರಿಯರನ್ನು, ಹಾಲುಣಿಸುವ ತಾಯಂದಿರನ್ನು, ಸಣ್ಣ ಮಕ್ಕಳನ್ನು ಮಂಗಳಾರತಿಯವರೆಗೆ ಕಾಯಿಸಬಾರದು. ಹನ್ನೊಂದು ಗಂಟೆಗೆ ಪೂಜೆ ಮುಗಿಯುವ ಹೊತ್ತಿಗೆ ಸಕ್ಕರೆ ಇಳಿದು ತಲೆ ಸುತ್ತಿ ಬಿದ್ದವರನ್ನು ಎತ್ತಿ ಕೂರಿಸುವುದಕ್ಕಿಂತ ಏಳೂವರೆಗೆ ಒಂದು ತಟ್ಟೆ ತಿಂಡಿ ಅವರ ಮುಂದಿಡುವುದು ಸುಲಭ.

ತಟ್ಟೆ ಇಡ್ಲಿ: ಹಬ್ಬದ ಮನೆಗೆ ಏಕೆ ಇದೇ ಸರಿ

ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬರುವವರಿಗೆ ತುಮಕೂರು ಸೇರುವ ಮುನ್ನ ಕ್ಯಾತಸಂದ್ರ ಸಿಗುತ್ತದೆ. ಸಿದ್ಧಗಂಗಾ ಮಠಕ್ಕೆ ಹೋಗುವವರು ಇಳಿಯುವುದೂ ಇಲ್ಲೇ. ಮಠದಷ್ಟಲ್ಲದಿದ್ದರೂ ತಟ್ಟೆ ಇಡ್ಲಿಯಿಂದಲೂ ಆ ಊರಿನ ಹೆಸರು ದೂರದವರೆಗೆ ಹೋಗಿದೆ. ಬಿಡದಿಯವರು ತಮ್ಮದೇ ಮೊದಲು ಎನ್ನುತ್ತಾರೆ. ಹೇಳಿಕೊಳ್ಳಲಿ ಬಿಡಿ, ಇಡ್ಲಿ ಮೆತ್ತಗಿದ್ದರೆ ಸಾಕು.

ಹೋಟೆಲಿನ ತಟ್ಟೆ ಇಡ್ಲಿಯನ್ನು ಮನೆಯಲ್ಲಿ ಮಾಡುವುದು ಬರಿಯ ಆಸೆಯ ಮಾತಲ್ಲ, ಅದರ ಹಿಂದೆ ಒಲೆಯ ಲೆಕ್ಕವಿದೆ. ದೋಸೆಯಾದರೆ ಹನ್ನೆರಡು ಜನಕ್ಕೆ ಒಬ್ಬರು ಒಂದೂವರೆ ಗಂಟೆ ಕಾವಲಿಯ ಮುಂದೆ ನಿಂತಿರಬೇಕು, ಅವರ ಹಬ್ಬ ಅಲ್ಲಿಗೆ ಮುಗಿಯಿತು. ಅಕ್ಕಿ ರೊಟ್ಟಿಯದೂ ಇದೇ ಕಥೆ. ಸಣ್ಣ ಇಡ್ಲಿಯನ್ನು ಒಬ್ಬೊಬ್ಬರು ಐದಾರು ತಿನ್ನುತ್ತಾರೆ, ಎಣಿಸುವುದೇ ಕೆಲಸ. ತಟ್ಟೆ ಇಡ್ಲಿ ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದು. ಒಲೆಗೆ ಇಟ್ಟ ಮೇಲೆ ಅದರ ಮುಂದೆ ನಿಲ್ಲಬೇಕಾಗಿಲ್ಲ, ಆ ಹೊತ್ತಿನಲ್ಲಿ ತೋರಣ ಕಟ್ಟಬಹುದು, ಮಗಳ ಜಡೆ ಹಾಕಬಹುದು. ಅವಲಕ್ಕಿ ಮತ್ತು ಸಬ್ಬಕ್ಕಿ ಬೆರೆತ ಹಿಟ್ಟಾದ್ದರಿಂದ ಆರಿದ ಮೇಲೂ ಬಿರುಸಾಗುವುದಿಲ್ಲ. ಹತ್ತು ಗಂಟೆಗೆ ಎದ್ದು ಬಂದ ಭಾವನಿಗೂ ತಿನ್ನಲು ಬರುತ್ತದೆ.

ಅಳತೆ

ನಮ್ಮ ಮನೆಯಲ್ಲಿ ಇನ್ನೂ ಪಾವಿನ ಲೆಕ್ಕವೇ ನಡೆಯುತ್ತದೆ. ನಾಲ್ಕು ಪಾವು ಒಂದು ಸೇರು. ಪಾವು ಇಲ್ಲದವರು ಯಾವುದಾದರೂ ಒಂದೇ ಲೋಟವನ್ನು ಕೊನೆಯವರೆಗೆ ಬಳಸಿ, ಪ್ರಮಾಣ ಕೆಡುವುದಿಲ್ಲ.

ಇಡ್ಲಿ ಅಕ್ಕಿ ಅಥವಾ ದೋಸೆ ಅಕ್ಕಿ 4 ಪಾವು. ಉದ್ದಿನ ಬೇಳೆ 1 ಪಾವು. ಇಡೀ ಉದ್ದಿನ ಗುಂಡು ಬೇಳೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಹೆಚ್ಚು ಉಬ್ಬುತ್ತದೆ. ಗಟ್ಟಿ ಅವಲಕ್ಕಿ ಅರ್ಧ ಪಾವು, ಸಬ್ಬಕ್ಕಿ ಅರ್ಧ ಪಾವು, ಮೆಂತ್ಯ ಒಂದು ಚಮಚ. ತಟ್ಟೆಯ ಅಗಲವನ್ನು ಅವಲಂಬಿಸಿ 25ರಿಂದ 30 ಇಡ್ಲಿ ಆಗುತ್ತವೆ. ಅವಲಕ್ಕಿ, ಸಬ್ಬಕ್ಕಿ ಹೆಚ್ಚು ಹಾಕಿದರೆ ಇನ್ನೂ ಮೆತ್ತಗಾಗುತ್ತದೆ ಎಂದುಕೊಂಡು ನಾನೊಮ್ಮೆ ಎರಡನ್ನೂ ಒಂದೊಂದು ಪಾವು ಹಾಕಿದ್ದೆ. ಇಡ್ಲಿ ತಟ್ಟೆಗೆ ಅಂಟಿ ಕೂತಿತು, ಚಮಚದಿಂದ ಕೆರೆದು ತೆಗೆಯಬೇಕಾಯಿತು. ತಿಂದವರು ಸಜ್ಜಿಗೆಯೇ ಎಂದು ಕೇಳಿದರು.

ನೆನೆಸುವುದು, ರುಬ್ಬುವುದು

ಮೊದಲು ಅಕ್ಕಿಯನ್ನು ತೊಳೆದು ನಾಲ್ಕೈದು ಗಂಟೆ ನೆನೆಸಿ. ಉದ್ದು, ಮೆಂತ್ಯ, ಸಬ್ಬಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಒಟ್ಟಿಗೆ ನೆನೆಸಬಹುದು. ಅವಲಕ್ಕಿಗೆ ರುಬ್ಬುವ ಅರ್ಧ ಗಂಟೆ ಮೊದಲು ನೀರು ಚಿಮುಕಿಸಿದರೆ ಸಾಕು.

ಎರಡನೆಯದು ಉದ್ದನ್ನು ರುಬ್ಬುವುದು, ಇಲ್ಲಿ ಅವಸರ ಕೂಡದು. ಗ್ರೈಂಡರಿನಲ್ಲಾದರೆ 25ರಿಂದ 30 ನಿಮಿಷ, ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ ರುಬ್ಬಬೇಕು. ಒಂದು ಬಟ್ಟಲು ನೀರಿಗೆ ಹಿಟ್ಟಿನ ಹನಿ ಬಿಟ್ಟು ನೋಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ. ಮಿಕ್ಸಿಯಲ್ಲಿ ರುಬ್ಬುವವರು ಫ್ರಿಜ್ಜಿನ ತಣ್ಣೀರನ್ನೇ ಬಳಸಬೇಕು, ಏಕೆಂದರೆ ಮಿಕ್ಸಿ ಬಿಸಿಯಾದರೆ ಹಿಟ್ಟೂ ಬಿಸಿಯಾಗಿ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ.

ಮೂರನೆಯದು ಅಕ್ಕಿ ಮತ್ತು ಅವಲಕ್ಕಿ. ಇದು ನುಣ್ಣಗಾಗಬಾರದು. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಂತೆ ಸಿಗಬೇಕು. ನುಣ್ಣಗಾದರೆ ಇಡ್ಲಿ ಜಿಗುಟಾಗುತ್ತದೆ.

ಆಮೇಲೆ ಎರಡನ್ನೂ ಕೈಯಿಂದ ಕಲಸಿ. ಸೌಟಿನಿಂದ ಆಗದೇ ಎಂದರೆ ಆಗುತ್ತದೆ, ಆದರೆ ಪಾತ್ರೆಯ ತಳದಲ್ಲಿ ಉದ್ದು ಬೇರೆ, ಅಕ್ಕಿ ಬೇರೆ ಉಳಿದುಬಿಟ್ಟರೆ ಗೊತ್ತಾಗುವುದು ಕೈಗೆ ಮಾತ್ರ. ದೋಸೆ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ತೆಳು. ಸೌಟನ್ನು ಎತ್ತಿದರೆ ಧಾರೆಯಾಗಿ ಹರಿಯದೆ ಮುದ್ದೆ ಮುದ್ದೆಯಾಗಿ ಜಾರಬೇಕು. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಹಬ್ಬ ಯಾವುದು ಎಂಬುದರ ಮೇಲೆ ಗಡಿಯಾರ

ಅಡುಗೆ ಬರೆಯುವವರಲ್ಲಿ ಹೆಚ್ಚಿನವರು "ರಾತ್ರಿಯಿಡೀ ಹುದುಗಲು ಬಿಡಿ" ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಯಾವ ರಾತ್ರಿ? ಯುಗಾದಿಯ ರಾತ್ರಿಯೂ ಸಂಕ್ರಾಂತಿಯ ರಾತ್ರಿಯೂ ಒಂದೇ ಅಲ್ಲ.

ಹಿಟ್ಟನ್ನು ಉಬ್ಬಿಸುವುದು ಉದ್ದು ಮತ್ತು ಅಕ್ಕಿಯ ಮೇಲೆ ತಾವಾಗಿಯೇ ಇರುವ ಸೂಕ್ಷ್ಮಾಣುಗಳು. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡೆಸ್ ಎಂಬ ಬ್ಯಾಕ್ಟೀರಿಯಾ. ಅದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಏರುತ್ತದೆ. 28ರಿಂದ 30 ಡಿಗ್ರಿಯ ಬೆಚ್ಚಗೆ ಅದಕ್ಕೆ ಹಿತ. ತುಮಕೂರಿನ ಜನವರಿ ರಾತ್ರಿ 16 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದೂ ನಮ್ಮಂತೆ ಕಂಬಳಿ ಹೊದ್ದು ಮಲಗುತ್ತದೆ.

ಹೊಸದಾಗಿ ಮನೆ ಮಾಡಿದ ಮೊದಲ ಸಂಕ್ರಾಂತಿಗೆ ನಾನು ರಾತ್ರಿ ಒಂಬತ್ತಕ್ಕೆ ರುಬ್ಬಿ ಮಲಗಿದೆ. ಬೆಳಿಗ್ಗೆ ಐದಕ್ಕೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟಲ್ಲೇ ಇತ್ತು, ಒಂದು ಗುಳ್ಳೆಯೂ ಇಲ್ಲ. ಅದನ್ನೇ ಬೇಯಿಸಿದೆ. ಆ ಇಡ್ಲಿಗಳನ್ನು ಎಳ್ಳು ಬೀರಲು ಬಂದ ಮಕ್ಕಳಿಗೂ ಕೊಡಲು ಧೈರ್ಯ ಬರಲಿಲ್ಲ. ಅದೇ ವರ್ಷ ಯುಗಾದಿಗೆ ಬುದ್ಧಿ ಕಲಿತವಳಂತೆ ಮಧ್ಯಾಹ್ನ ಮೂರಕ್ಕೇ ರುಬ್ಬಿಟ್ಟೆ. ರಾತ್ರಿ ಹನ್ನೊಂದಕ್ಕೆ ಹಿಟ್ಟು ಮುಚ್ಚಳವನ್ನು ಎತ್ತಿ, ಕಟ್ಟೆಯಿಂದ ಇಳಿದು, ನೆಲದ ಮೇಲೆ ಒಬ್ಬಟ್ಟಿಗೆ ಇಟ್ಟಿದ್ದ ಬೆಲ್ಲದ ಅಚ್ಚಿನವರೆಗೆ ಹರಿದಿತ್ತು.

ಈಗ ನಾನು ಅನುಸರಿಸುವ ಲೆಕ್ಕ ಹೀಗಿದೆ. ಯುಗಾದಿ, ರಾಮನವಮಿಯಂಥ ಬೇಸಿಗೆಯ ಹಬ್ಬಗಳಿಗೆ ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ ನೆನೆಸಿ ರಾತ್ರಿ ಒಂಬತ್ತಕ್ಕೆ ರುಬ್ಬುವುದು; ಏಳೆಂಟು ಗಂಟೆ ಸಾಕು, ಉಪ್ಪನ್ನು ರಾತ್ರಿಯೇ ಹಾಕುವುದು. ಗೌರಿ–ಗಣೇಶ ಮತ್ತು ದಸರೆಗೆ ರಾತ್ರಿ ಏಳಕ್ಕೆ ರುಬ್ಬುವುದು. ದೀಪಾವಳಿಗೆ ಸಂಜೆ ಆರಕ್ಕೆ. ಸಂಕ್ರಾಂತಿಗಾದರೆ ಬೆಳಿಗ್ಗೆ ಹತ್ತಕ್ಕೇ ನೆನೆಸಿ ನಾಲ್ಕು ಗಂಟೆಗೆ ರುಬ್ಬಿ ಮುಗಿಸಬೇಕು. ಹದಿಮೂರು ಗಂಟೆಯಾದರೂ ಬೇಕು. ಚಳಿಗಾಲದಲ್ಲಿ ಉಪ್ಪು ಬೆಳಿಗ್ಗೆ ಹಾಕುತ್ತೇನೆ, ಉಪ್ಪು ಹುದುಗುವಿಕೆಯನ್ನು ನಿಧಾನಿಸುತ್ತದೆ. ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿರುವ ಅಗಲ ಬೋಗುಣಿಯಲ್ಲಿಟ್ಟು ಹಳೆಯ ಕಂಬಳಿ ಸುತ್ತುತ್ತೇನೆ. ಮಲಗುವ ಮುನ್ನ ಆ ನೀರನ್ನು ಒಮ್ಮೆ ಬದಲಿಸಿದರೆ ಇನ್ನೂ ಒಳ್ಳೆಯದು. ಸೋಡಾ ಹಾಕುವವರಿದ್ದಾರೆ. ನನಗೆ ಅದರ ವಾಸನೆ ಆಗುವುದಿಲ್ಲ.

ಬೆಳಿಗ್ಗೆ ಐದೂವರೆಯಿಂದ

ಉಬ್ಬಿದ ಹಿಟ್ಟನ್ನು ಗರಗರನೆ ತಿರುವಬೇಡಿ, ಅಷ್ಟು ಹೊತ್ತು ಸೇರಿದ ಗಾಳಿಯೆಲ್ಲ ಹೊರಟುಹೋಗುತ್ತದೆ. ಮೇಲಿನಿಂದ ನಿಧಾನವಾಗಿ ಒಂದೆರಡು ಸುತ್ತು ಸಾಕು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿದ ಮೇಲೆಯೇ ತಟ್ಟೆಗಳನ್ನು ಇಡಬೇಕು. ತಟ್ಟೆಗೆ ತೆಳುವಾಗಿ ಎಣ್ಣೆ ಸವರಿ, ಅರ್ಧಕ್ಕಿಂತ ತುಸು ಮೇಲಕ್ಕೆ ಹಿಟ್ಟು ಹಾಕಿ. ಹತ್ತರಿಂದ ಹನ್ನೆರಡು ನಿಮಿಷ ದೊಡ್ಡ ಉರಿ. ಒಲೆಯಿಂದ ಇಳಿಸಿ ಮೂರು ನಿಮಿಷ ಬಿಟ್ಟು, ಒದ್ದೆ ಮಾಡಿದ ಚಮಚವನ್ನು ಅಂಚಿನಲ್ಲಿ ಆಡಿಸಿದರೆ ಇಡ್ಲಿ ತಾನಾಗಿ ಕಳಚಿಕೊಳ್ಳುತ್ತದೆ.

ಇಲ್ಲಿ ಒಂದು ಖರ್ಚಿಗೆ ಹಿಂಜರಿಯಬೇಡಿ: ತಟ್ಟೆಗಳು ಎರಡು ಜೊತೆ ಇರಲಿ. ಆರು ತಟ್ಟೆಯ ಒಂದು ಸ್ಟ್ಯಾಂಡ್ ಬೇಯುತ್ತಿರುವಾಗ ಇನ್ನೊಂದನ್ನು ತುಂಬಿಟ್ಟುಕೊಂಡರೆ 24 ಇಡ್ಲಿಗೆ ನಾಲ್ಕು ಸುತ್ತು, ಒಂದು ಗಂಟೆ, ಒಂದೇ ಒಲೆ. ಒಂದೇ ಜೊತೆಯಿದ್ದರೆ ಆರಿಸಿ, ಕಳಚಿ, ತೊಳೆದು, ಮತ್ತೆ ತುಂಬುವಷ್ಟರಲ್ಲಿ ಪುರೋಹಿತರು ಬಂದಿರುತ್ತಾರೆ. ಬೆಂದ ಇಡ್ಲಿಗಳನ್ನು ಒದ್ದೆ ಬಟ್ಟೆ ಹಾಸಿದ ತಪ್ಪಲೆಯಲ್ಲಿ ಒಂದರ ಮೇಲೊಂದು ಇಟ್ಟು ಮುಚ್ಚಿದರೆ ಒಂಬತ್ತರವರೆಗೆ ಬೆಚ್ಚಗಿರುತ್ತವೆ. ಗಣೇಶನ ಹಬ್ಬದಲ್ಲಿ ಇದೇ ಪಾತ್ರೆ ಕಡುಬಿಗೂ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಆ ದಿನ ನಾನು ಮೊದಲು ಕಡುಬನ್ನು ಬೇಯಿಸಿ ದೇವರಿಗೆ ಎತ್ತಿಟ್ಟು, ಆಮೇಲೆ ಇಡ್ಲಿ ಇಡುತ್ತೇನೆ. ಮಡಿಯವರಿಗೂ ಸಮಾಧಾನ, ನನಗೂ ಪಾತ್ರೆ ಎರಡು ಸಲ ತೊಳೆಯುವ ಕೆಲಸ ತಪ್ಪಿತು.

ಚಟ್ನಿಯ ಕಾಯಿ ಬೇರೆ

ಕಲ್ಪತರು ನಾಡಿನವರಿಗೆ ಚಟ್ನಿ ಕಲಿಸುವ ಧೈರ್ಯ ನನಗಿಲ್ಲ. ತಿಪಟೂರಿನ ಕಡೆಯ ನೆಂಟರು ಬರುವಾಗ ಹೇಗೂ ಒಂದು ಚೀಲ ಕಾಯಿ ತಂದಿರುತ್ತಾರೆ. ಆದರೂ ಹಬ್ಬದ ಬೆಳಿಗ್ಗೆ ಕಾಯಿ ಸಾಲದೆ ಹೋಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಾರಣ ಸರಳ: ಪೂಜೆಗೆ ಎಣಿಸಿಟ್ಟ ಕಾಯಿ ಒಡೆಯುವುದು ಮಂಗಳಾರತಿಯ ಹೊತ್ತಿಗೆ. ಅದನ್ನು ನಂಬಿಕೊಂಡರೆ ಚಟ್ನಿ ಆಗುವುದು ಊಟಕ್ಕೆ. ಚಟ್ನಿಯ ಎರಡು ಕಾಯಿಗಳನ್ನು ಹಿಂದಿನ ರಾತ್ರಿಯೇ ಬೇರೆ ಇಟ್ಟು, ಒಡೆದು, ತುರಿದು, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿಗೆ ಸೇರಿಸಿ. ರುಬ್ಬಿ ಮಾತ್ರ ಇಡಬೇಡಿ, ರುಬ್ಬಿದ ಚಟ್ನಿ ಬೆಳಗಿನ ಹೊತ್ತಿಗೆ ಮುಗ್ಗಲಾಗಿರುತ್ತದೆ.

ಹನ್ನೆರಡು ಜನಕ್ಕೆ ಎರಡು ಕಾಯಿಯ ತುರಿ, ಮುಕ್ಕಾಲು ಪಾವು ಹುರಿಗಡಲೆ, ಹತ್ತು ಹನ್ನೆರಡು ಹಸಿಮೆಣಸಿನಕಾಯಿ, ಒಂದು ತುಂಡು ಶುಂಠಿ, ಗೋಲಿಯಷ್ಟು ಹುಣಸೆ, ಕೊತ್ತಂಬರಿ ಸೊಪ್ಪು, ಉಪ್ಪು. ಹಬ್ಬದ ದಿನ ಬೆಳ್ಳುಳ್ಳಿ ಬೇಡ ಎನ್ನುವವರು ಹೆಚ್ಚು, ಅದಕ್ಕೇ ಶುಂಠಿ. ತಟ್ಟೆ ಇಡ್ಲಿಗೆ ಚಟ್ನಿ ತುಸು ನೀರಾಗಿಯೇ ಇರಲಿ, ದಪ್ಪ ಇಡ್ಲಿ ಅದನ್ನು ಕುಡಿಯುತ್ತದೆ. ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟರೆ ಸಾಂಬಾರು ಕೇಳುವವರೂ ಸುಮ್ಮನಾಗುತ್ತಾರೆ. ಸಾಂಬಾರು ಬೇಕೇ ಬೇಕು ಎಂದು ಹಟ ಹಿಡಿಯುವವರಿಗೆ ನಾನು ಖಾಲಿ ಒಲೆಯನ್ನು ತೋರಿಸಿ ಎನ್ನುತ್ತೇನೆ.

ಕಾಫಿಯ ಡಿಕಾಕ್ಷನ್ ಕೂಡ ರಾತ್ರಿಯದೇ. ದೊಡ್ಡ ಫಿಲ್ಟರಿಗೆ ಪುಡಿ ಹಾಕಿ ಮಲಗುವ ಮುನ್ನ ಕುದಿನೀರು ಸುರಿದರೆ ಬೆಳಿಗ್ಗೆ ಹಾಲು ಕಾಯಿಸುವುದಷ್ಟೇ ಉಳಿಯುತ್ತದೆ. ಹಾಲನ್ನು ಕಾಯಿಸಿ ಫ್ಲಾಸ್ಕಿಗೆ ತುಂಬಿಬಿಟ್ಟರೆ ಎರಡನೆಯ ಸುತ್ತಿನ ಕಾಫಿಯವರು ಒಲೆಯ ಹತ್ತಿರ ಸುಳಿಯುವುದಿಲ್ಲ.

ಒಲೆಯೇ ಸಿಗದ ದಿನಕ್ಕೆ ಗೊಜ್ಜವಲಕ್ಕಿ

ವರಮಹಾಲಕ್ಷ್ಮಿಯಂಥ ಹಬ್ಬದಲ್ಲಿ ಎರಡೂ ಒಲೆ ನೈವೇದ್ಯಕ್ಕೇ ಹೋಗುತ್ತವೆ. ಆ ದಿನದ ತಿಂಡಿ ಗೊಜ್ಜವಲಕ್ಕಿ, ಕೆಲವರ ಬಾಯಲ್ಲಿ ಹುಳಿ ಅವಲಕ್ಕಿ. ಇದಕ್ಕೆ ಒಲೆ ಬೇಕಾಗುವುದು ಐದೇ ನಿಮಿಷ, ಒಗ್ಗರಣೆಗೆ.

ಗಟ್ಟಿ ಅವಲಕ್ಕಿ 4 ಪಾವನ್ನು ಹಿಂದಿನ ದಿನವೇ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ತರಿತರಿಯಾಗಿ ಮಾಡಿ ಡಬ್ಬಿಗೆ ಹಾಕಿಡಿ. ಬೆಳಿಗ್ಗೆ ಎರಡು ನಿಂಬೆ ಗಾತ್ರದ ಹುಣಸೆಯನ್ನು ಕಿವುಚಿ ಎರಡೂವರೆ ಪಾವಿನಷ್ಟು ರಸ ಮಾಡಿ, ಅಷ್ಟೇ ಗಾತ್ರದ ಬೆಲ್ಲ, ನಾಲ್ಕು ಚಮಚ ಸಾರಿನ ಪುಡಿ, ಉಪ್ಪು ಕರಗಿಸಿ ಅವಲಕ್ಕಿಗೆ ಸುರಿದು ಕಲಸಿ. ಒಮ್ಮೆಗೇ ಎಲ್ಲ ಸುರಿಯದೆ ಒಂದು ಬಟ್ಟಲು ಹಿಂದಿಟ್ಟುಕೊಳ್ಳಿ, ಅವಲಕ್ಕಿಯಿಂದ ಅವಲಕ್ಕಿಗೆ ನೀರು ಕುಡಿಯುವುದು ಬೇರೆ. ಅರ್ಧ ಗಂಟೆಯ ನಂತರ ಹಿಡಿ ಮಾಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಒಗ್ಗರಣೆಗೆ ಕಡಲೆಬೀಜವನ್ನು ಕೈ ಬಿಚ್ಚಿ ಹಾಕಿ. ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲಿ ಬೆಳೆಯುವ ಜಿಲ್ಲೆಯಲ್ಲಿದ್ದು ಅದಕ್ಕೆ ಜಿಪುಣತನ ಮಾಡಬಾರದು. ಸಾಸಿವೆ, ಕಡಲೆಬೇಳೆ, ಒಣಮೆಣಸು, ಕರಿಬೇವು, ಇಂಗು. ಕೊನೆಗೆ ಒಣಕೊಬ್ಬರಿಯ ತುರಿ. ಇದು ಸಂಜೆಯವರೆಗೂ ಕೆಡುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ರುಚಿ ಇನ್ನೂ ಏರಿರುತ್ತದೆ.

ಸಂಕ್ರಾಂತಿ: ಒಂದು ಕುಕ್ಕರಿನಲ್ಲಿ ನೈವೇದ್ಯವೂ ತಿಂಡಿಯೂ

ಸಂಕ್ರಾಂತಿಯ ಹುಗ್ಗಿಯನ್ನು ನೆನೆದಾಗಲೆಲ್ಲ ನಮ್ಮ ಹಿರಿಯರು ಒಲೆಯ ಲೆಕ್ಕವನ್ನು ನನಗಿಂತ ಮೊದಲೇ ಬಲ್ಲವರಾಗಿದ್ದರು ಎನಿಸುತ್ತದೆ. ಸಿಹಿಯೂ ಖಾರವೂ ಒಂದೇ ಅಕ್ಕಿ–ಬೇಳೆಯಿಂದ. ಆದರೂ ಎಷ್ಟೋ ಮನೆಗಳಲ್ಲಿ ಎರಡು ಕುಕ್ಕರ್ ಇಡುತ್ತಾರೆ.

2 ಪಾವು ಅಕ್ಕಿ, ಒಂದೂವರೆ ಪಾವು ಹೆಸರುಬೇಳೆ. ಬೇಳೆಯನ್ನು ಘಮ ಬರುವವರೆಗೆ ಹುರಿಯುವ ಕೆಲಸ ಹಿಂದಿನ ದಿನ ಮುಗಿಸಿ. ಬೆಳಿಗ್ಗೆ ಎರಡನ್ನೂ ತೊಳೆದು 12 ಪಾವು ನೀರು, ಒಂದು ಚಮಚ ತುಪ್ಪ ಹಾಕಿ ದೊಡ್ಡ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಉಪ್ಪು ಹಾಕಬೇಡಿ, ಇಡೀ ಉಪಾಯ ನಿಂತಿರುವುದು ಇದರ ಮೇಲೆ. ಬೆಂದ ಮೇಲೆ ಮೂರರಲ್ಲಿ ಒಂದು ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಕರಗಿಸಿ ಸೋಸಿದ ಒಂದೂವರೆ ಪಾವು ಬೆಲ್ಲ, ಏಲಕ್ಕಿ, ತುಪ್ಪದಲ್ಲಿ ಹುರಿದ ದ್ರಾಕ್ಷಿ ಗೋಡಂಬಿ, ಕೊಬ್ಬರಿ ಸೇರಿಸಿದರೆ ದೇವರಿಗಾಯಿತು. ಉಳಿದ ಎರಡು ಪಾಲಿಗೆ ಉಪ್ಪು, ತುಪ್ಪದಲ್ಲಿ ಹುರಿದ ಮೆಣಸು, ಜೀರಿಗೆ, ಶುಂಠಿ, ಕರಿಬೇವು. ನೈವೇದ್ಯಕ್ಕೆ ಖಾರದ್ದನ್ನೂ ಇಡುವವರು ಮೊದಲು ಅದರಿಂದ ಒಂದು ಬಟ್ಟಲು ಎತ್ತಿಡಬೇಕು. ಹುಗ್ಗಿ ಆರಿದರೆ ಗಟ್ಟಿಯಾಗುತ್ತದೆ. ಬಡಿಸುವಾಗ ಕುದಿನೀರು ಬೆರೆಸಿ ಸಡಿಲ ಮಾಡಿ, ತಣ್ಣೀರು ಬೇಡ.

ಅದೇ ತಿಂಗಳು ಸೊಗಡಿನ ಅವರೆಕಾಯಿಯ ಕಾಲ. ಸಂಕ್ರಾಂತಿಗೆ ಒಂದೆರಡು ದಿನ ಮೊದಲೇ ನೆಂಟರು ಬಂದಿದ್ದರೆ ಅವರೆಕಾಳನ್ನು ನೆನೆಹಾಕಿ, ಸಂಜೆ ಎಲ್ಲರನ್ನೂ ಸುತ್ತ ಕೂರಿಸಿ ಹಿತಕಿಸಿಬಿಡಿ. ಹತ್ತು ಕೈ ಇದ್ದರೆ ಒಂದು ಸೇರು ಕಾಳು ಒಂದು ಧಾರಾವಾಹಿ ಮುಗಿಯುವುದರೊಳಗೆ ಆಗುತ್ತದೆ. ಬೇಳೆಯನ್ನು ಉಪ್ಪು ಹಾಕಿ ಅರೆಬೇಯಿಸಿಟ್ಟುಕೊಂಡರೆ ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಕುದಿನೀರಿಗೆ ಸೇರಿಸುವುದಷ್ಟೇ. ಒಂದು ಪಾವು ಹುರಿದ ರವೆಗೆ ಎರಡೂವರೆ ಪಾವು ನೀರು, ಬನ್ಸಿ ರವೆಯಾದರೆ ಮೂರು. ಅವರೆಬೇಳೆ ಹಾಕಿದ ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಹೀಯಾಳಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನುಳಿದ ಹಬ್ಬಗಳು

ಯುಗಾದಿಯ ದಿನ ಬೇವು ಬೆಲ್ಲ ತಿಂದ ಬಾಯಿಗೆ ಮಾವಿನಕಾಯಿ ಚಿತ್ರಾನ್ನ ಹಿಡಿಸುತ್ತದೆ, ಹೊಸ ಮಾವಿನಕಾಯಿ ಸಂತೆಗೆ ಬರುವ ಕಾಲವೂ ಅದೇ. ಕಾಯಿ ತುರಿ, ಸಾಸಿವೆ, ಮೆಣಸಿನಕಾಯಿಯ ಜೊತೆ ಮಾವಿನ ತುರಿ ರುಬ್ಬಿದ ಗೊಜ್ಜನ್ನು ಹಿಂದಿನ ದಿನ ಎಣ್ಣೆಯಲ್ಲಿ ಬಾಡಿಸಿಟ್ಟರೆ ಬೆಳಿಗ್ಗೆ ಅನ್ನ ಮಾಡಿ ಕಲಸುವುದಷ್ಟೇ.

ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ನೀರು ಹಾಕಿಸಿಕೊಂಡ ಮಕ್ಕಳ ಹಸಿವಿಗೆ ಸಾಟಿಯಿಲ್ಲ. ಆರು ಗಂಟೆಗೇ ತಟ್ಟೆ ಮುಂದೆ ಕೂತಿರುತ್ತಾರೆ. ಆ ದಿನ ಇಡ್ಲಿಯ ಮೊದಲ ಸುತ್ತು ಸ್ನಾನದ ಹಂಡೆಯ ಜೊತೆಗೇ ಏಳಬೇಕು.

ಶಿವರಾತ್ರಿಯಂದು ತಿಂಡಿಯ ತಲೆನೋವಿಲ್ಲ, ಉಪವಾಸ. ತಲೆನೋವು ಮರುದಿನದ್ದು. ಜಾಗರಣೆ ಮಾಡಿ, ಸಿದ್ಧಗಂಗೆಯ ಜಾತ್ರೆ ಸುತ್ತಿ ಬಂದವರ ಖಾಲಿ ಹೊಟ್ಟೆಗೆ ಎಣ್ಣೆಯ ಪೂರಿ ಹಾಕಿದರೆ ಮಧ್ಯಾಹ್ನದವರೆಗೆ ನರಳುತ್ತಾರೆ. ಇಡ್ಲಿಯೋ ತೆಳು ಹುಗ್ಗಿಯೋ ಸಾಕು.

ಆಯುಧಪೂಜೆಯ ಮರುದಿನ ಮನೆಯಲ್ಲಿ ಕಡ್ಲೆಪುರಿಯ ರಾಶಿ ಇರುತ್ತದೆ. ಗ್ಯಾರೇಜಿನವರು ಕೊಟ್ಟದ್ದು, ಅಂಗಡಿಯವರು ಕೊಟ್ಟದ್ದು, ಕಚೇರಿಯಿಂದ ತಂದದ್ದು. ಅದನ್ನು ಪುರಿ ಉಸಲಿ ಮಾಡಿ ಮುಗಿಸಿ. ಒಬ್ಬರಿಗೆ ಎರಡು ದೊಡ್ಡ ಬೊಗಸೆ ಪುರಿ ಬೇಕು, ನೆನೆದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನೀರಲ್ಲಿ ಮುಳುಗಿಸಿ ತಕ್ಷಣ ಹಿಂಡಿ ತೆಗೆಯಿರಿ, ಮೊಬೈಲ್ ನೋಡುತ್ತ ನಿಂತರೆ ಗಂಜಿಯಾಗುತ್ತದೆ. ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ. ಕಾಲು ಗಂಟೆಯ ಕೆಲಸ.

ಇನ್ನು ಒತ್ತು ಶ್ಯಾವಿಗೆ. ಕಾಯಿಹಾಲು, ಎಳ್ಳಿನ ಪುಡಿಯ ಜೊತೆ ಅದರ ರುಚಿ ನನಗೂ ಗೊತ್ತು. ಆದರೆ ಹಿಟ್ಟು ತೊಳಸುವವರೊಬ್ಬರು, ಒರಳು ಒತ್ತುವವರಿಬ್ಬರು ಬೇಕಾದ ಆ ತಿಂಡಿಯನ್ನು ಹಬ್ಬದ ಬೆಳಿಗ್ಗೆ ಮಾಡಲು ಹೊರಡಬೇಡಿ. ಹಬ್ಬ ಕಳೆದ ಭಾನುವಾರಕ್ಕೆ ಇಟ್ಟುಕೊಳ್ಳಿ.

ಉಳಿದ ಹಿಟ್ಟು ಮತ್ತು ಹೊಸತೊಡಕು

ಹಬ್ಬದ ಹಿಟ್ಟು ಯಾವಾಗಲೂ ಉಳಿಯುತ್ತದೆ, ಉಳಿಯಲೆಂದೇ ಒಂದು ಪಾವು ಹೆಚ್ಚು ರುಬ್ಬುತ್ತೇನೆ. ಬೆಳಗಿನ ಸುತ್ತು ಮುಗಿದೊಡನೆ ಅದನ್ನು ಫ್ರಿಜ್ಜಿಗೆ ಸೇರಿಸಬೇಕು. ಕಟ್ಟೆಯ ಮೇಲೆ ಬಿಟ್ಟರೆ ಸಂಜೆಗೆ ಹುಳಿಯಾಗಿ ಪಡ್ಡಿಗೆ ಮಾತ್ರ ಲಾಯಕ್ಕಾಗುತ್ತದೆ. ಉಳಿದ ಇಡ್ಲಿಗಳನ್ನು ಪುಡಿ ಮಾಡಿ ಒಗ್ಗರಣೆ ಹಾಕಿದರೆ ನಾಲ್ಕು ಗಂಟೆಯ ಕಾಫಿಗೆ ಆಯಿತು.

ಯುಗಾದಿಯ ಹಿಟ್ಟಿಗಾದರೆ ಇನ್ನೊಂದು ದಾರಿಯಿದೆ. ಮರುದಿನ ಹೊಸತೊಡಕು. ಮಾಂಸ ತಿನ್ನುವ ಮನೆಗಳವರು ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುತ್ತಾರೆ. ಸಾರು ಕುದಿಯುವಷ್ಟು ಹೊತ್ತಿನಲ್ಲಿ ಹಿಂದಿನ ದಿನದ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ತಣ್ಣಗಾಗಿರುವ ಕಾರಣ ಎರಡು ನಿಮಿಷ ಹೆಚ್ಚು ಬೇಯಿಸಿ. ಮುದ್ದೆ ಮಧ್ಯಾಹ್ನಕ್ಕೆ ಇದ್ದೇ ಇದೆ. ಬೆಳಿಗ್ಗೆ ಅಗಲವಾದ ಬಟ್ಟಲಿನಲ್ಲಿ ಒಂದು ತಟ್ಟೆ ಇಡ್ಲಿ ಇಟ್ಟು ಅದರ ಮೇಲೆ ಎರಡು ಸೌಟು ಬಿಸಿ ಸಾರು ಸುರಿದು ಕೊಟ್ಟರೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ನನ್ನ ತಮ್ಮ ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದನ್ನೂ ಮರೆಯುತ್ತಾನೆ.